ಹಿಂದೆ ಸರಿಯದವರ ಊರಲ್ಲಿ ಮೂರ್ಹೆಜ್ಜೆ ಬ್ಲಾಗೋಟ

ಮೂರು ಹೆಜ್ಜೆ ಜಾಗ ಕೇಳಿ ಹೆಸರಾದವರು ಈ ಜಗತ್ತಿನಲ್ಲಿ ಇಬ್ಬರು. ಒಬ್ಬ ವಾಮನ. ಅವನು ಕೇಳಿದ್ದು ತನ್ನ ಪಾದ ಊರಲು. ಇನ್ನೊಬ್ಬ ಮಾಂಟೆನೆಗ್ರೋದ ಗುಡ್ಡಗಾಡಿನ ಸುವೊದೋಲಿ ಎಂಬ ಊರಿನ ಬ್ಲಾಗೋಟ ಕಮೆನೊವಿಚ್. ಇವನು ಕೇಳಿದ್ದು ಬೇರೆಯವರ ಪಾದ ಉಳಿಯಲಿ ಎಂದು. ವಾಮನನಿಗೆ ಚಕ್ರವರ್ತಿಯೊಬ್ಬ ಕೇಳಿದ ಕ್ಷಣವೇ ಧಾರೆ ಎರೆದ. ಬ್ಲಾಗೋಟನಿಗೆ ಅವನ ದಾಯಾದಿಗಳು ಮೂವತ್ತು ವರ್ಷ ಒಂದು ಗೇಣನ್ನೂ ಕೊಡಲಿಲ್ಲ.

ಅವನ ಬಗ್ಗೆ ಊರಲ್ಲಿ ಏನೇನೋ ಕಥೆಗಳಿದ್ದವು. ಅವನು ಮಚ್ಚು ಎತ್ತಿದರೆ ಆಡುಗಳು ತಾವೇ ಎಣಿಸಿ ಮೂರು ಹೆಜ್ಜೆ ಹಿಂದೆ ಹೋಗುತ್ತವಂತೆ. ಒಮ್ಮೆ ಕಾಡಿನಲ್ಲಿ ಎದುರಾದ ಕರಡಿ "ಮೂರು ಹೆಜ್ಜೆ!" ಎಂಬ ಕೂಗು ಕೇಳಿ ಲೆಕ್ಕ ತಪ್ಪಿ ಮುನ್ನೂರು ಹೆಜ್ಜೆ ಹೋಯಿತಂತೆ. ಮದುವೆಯ ದಿನ ರೊಟ್ಟಿ ಕೊಯ್ಯಲು ಚಾಕು ಹಿಡಿದು ಮದುಮಗಳಿಗೇ "ಮೂರು ಹೆಜ್ಜೆ" ಅಂದನಂತೆ. ಅವಳು ಅಷ್ಟೇ ಗಂಭೀರವಾಗಿ ಹಿಂದೆ ಸರಿದು ಪಾದ್ರಿಯ ಕಾಲು ತುಳಿದಳಂತೆ. ಇದರಲ್ಲಿ ಕೊನೆಯದು ಮಾತ್ರ ನಿಜ. ಪಾದ್ರಿ ಈಗಲೂ ಆ ಬೆರಳನ್ನು ತೋರಿಸುತ್ತಾರೆ.

ಬ್ಲಾಗೋಟನಿಗೆ ಐವತ್ತೈದು ವರ್ಷ. ಹತ್ತೊಂಬತ್ತು ಆಡು, ಒಂದು ಹೇಸರಗತ್ತೆ, ಎರಡು ಕೊಸಿಯೆರ್. ಕೊಸಿಯೆರ್ ಎಂದರೆ ತುದಿ ಕೊಕ್ಕಿನಂತೆ ಬಾಗಿದ, ಮೊಳದುದ್ದದ ಮಚ್ಚು. ಚಳಿಗಾಲಕ್ಕೆ ಸೌದೆ, ಆಡುಗಳಿಗೆ ಸೊಪ್ಪಿನ ಕೊಂಬೆ, ಬೇಲಿಗೆ ಮುಳ್ಳು, ಎಲ್ಲದಕ್ಕೂ ಅದೇ. ಅದನ್ನು ಎತ್ತುವ ಮುಂಚೆ ಅವನು ಮಾಡುತ್ತಿದ್ದ ವಿಧಿಗಳನ್ನು ನೋಡಿದರೆ ಪೂಜೆಯೇ ವಾಸಿ ಅನ್ನಿಸುತ್ತಿತ್ತು. ಮೊದಲು ಹಿಡಿಗೆ ಒಲೆಯ ಬೂದಿ ಉಜ್ಜಿ ಒಣಗಿಸುವುದು. ಆಮೇಲೆ ತಲೆಯ ಮೇಲೆ ಅಲಗಿಗೆ ಸಿಕ್ಕುವ ಕೊಂಬೆ ಇದೆಯೇ ಎಂದು ಕತ್ತೆತ್ತಿ ನೋಡುವುದು. ಮಚ್ಚು ಹಿಡಿದ ಕೈಯನ್ನು ಉದ್ದಕ್ಕೆ ಚಾಚಿ ನಿಧಾನವಾಗಿ ಒಂದು ಸುತ್ತು ತಿರುಗುವುದು. ಕಾಲು ಅಗಲಿಸಿ ನಿಂತು, ಎಡಗೈಯನ್ನು ಬೆನ್ನ ಹಿಂದೆ ನಡುಪಟ್ಟಿಗೆ ಸಿಕ್ಕಿಸಿಕೊಳ್ಳುವುದು, ಅಲಗಿನ ದಾರಿಗೆ ಅದು ಬರಲೇಬಾರದು ಎಂದು. ಇಷ್ಟಾದ ಮೇಲೆ ಸುತ್ತಮುತ್ತ ಒಂದು ನರಪಿಳ್ಳೆ ಇಲ್ಲದಿದ್ದರೂ ಬೆಟ್ಟ ಕೇಳುವಂತೆ, "ಮೂರು ಹೆಜ್ಜೆ!"

ಊರಿನವರು ಬಿಡುತ್ತಾರೆಯೇ?

"ಲೋ ಬ್ಲಾಗೋಟಾ, ಆ ಉಪ್ಪಿನ ಡಬ್ಬಿ ಈ ಕಡೆ ಕೊಡ್ತೀಯಾ, ಇಲ್ಲಾ ಮೂರು ಹೆಜ್ಜೆ ಹಿಂದೆ ಹೋಗ್ಲಾ?"

"ಹೋಗು ಮಾರಾಯ. ಮೂವತ್ತು ಹೋದ್ರೂ ನಂಗೇನೂ ಬೇಜಾರಿಲ್ಲ."

ಅವರ ಗೇಲಿಗೂ ಕಾರಣವಿತ್ತು. ಕಮೆನೊವಿಚ್ ವಂಶದವರು ಹಿಂದೆ ಸರಿಯುವುದಿಲ್ಲ. ತುರ್ಕಿ ಸುಲ್ತಾನನ ಕಾಲದಿಂದ ಒಬ್ಬನೂ ಸರಿದಿಲ್ಲ. ಇಪ್ಪತ್ತಮೂರು ಮನೆಯವರ ಒಟ್ಟು ಆಸ್ತಿ ಅದೊಂದೇ. ರಸ್ತೆಯಲ್ಲಿ ಬಸ್ಸು ಬಂದರೆ ಕಮೆನೊವಿಚ್ ನಿಂತಲ್ಲೇ ನಿಲ್ಲುತ್ತಾನೆ, ಬಸ್ಸೇ ಸುತ್ತಿಕೊಂಡು ಹೋಗುತ್ತದೆ. ನಿಕ್ಷಿಚ್ ಪಟ್ಟಣದ ಅಂಚೆ ಕಚೇರಿಯಲ್ಲಿ ಹಳದಿ ಗೆರೆ ಎಳೆದು "ಗೆರೆಯ ಹಿಂದೆ ನಿಲ್ಲಿ" ಎಂದು ಬರೆದ ಮೇಲೆ ನಮ್ಮವರು ಕಾಗದ ಬರೆಯುವುದನ್ನೇ ಬಿಟ್ಟರು. ಅಂಥ ವಂಶದಲ್ಲಿ ಹುಟ್ಟಿ, ಕಂಡಕಂಡವರಿಗೆಲ್ಲ ಹಿಂದೆ ಸರಿ ಅನ್ನುವುದೆಂದರೆ!

ಬ್ಲಾಗೋಟ ಸುಮ್ಮನೆ ಹೀಗಾದವನಲ್ಲ. ಹಳೆಯ ಪಂಚಾಂಗದ ಕ್ರಿಸ್ಮಸ್‌ನ ಹಿಂದಿನ ಬೆಳಗ್ಗೆ ಸೂರ್ಯ ಮೂಡುವ ಮುಂಚೆ ವಂಶಕ್ಕೆಲ್ಲ ಸೇರಿ ಒಂದು ಎಳೆಯ ಓಕ್ ಕಡಿಯಬೇಕು. ಅದರ ತುಂಡು ಪ್ರತಿಯೊಂದು ಮನೆಯ ಒಲೆಗೂ ಹೋಗಬೇಕು. ಕಡಿಯುವ ಸರದಿ ವರ್ಷಕ್ಕೊಂದು ಮನೆಯದು. ಬೇರೆ ಮನೆಯವನ ಕೈ ಬಿದ್ದರೆ ವರ್ಷವಿಡೀ ಕೇಡು. ಮೊದಲ ಏಟಿಗೆ ಹಾರುವ ಚಕ್ಕೆಯನ್ನು ಹಿಡಿದವನು ಅದನ್ನು ಹಾಲಿನ ಪಾತ್ರೆಯಲ್ಲಿಟ್ಟರೆ ಕೆನೆ ಆ ಚಕ್ಕೆಯಷ್ಟೇ ದಪ್ಪ ಕಟ್ಟುತ್ತದೆ. ಹೀಗಾಗಿ ಮಚ್ಚು ಬೀಸುವವನ ಸುತ್ತ ನಲವತ್ತು ಗಂಡಸರು ಟೋಪಿ ಬಿಚ್ಚಿ ಹಿಡಿದು, ಒಬ್ಬರ ಮೇಲೊಬ್ಬರು ಬಗ್ಗಿಕೊಂಡು ನಿಂತಿರುತ್ತಾರೆ. ಕೆನೆಯ ಆಸೆ ಎಂಥ ವೀರನನ್ನೂ ಬಗ್ಗಿಸುತ್ತದೆ.

ಬ್ಲಾಗೋಟ ಒಂಬತ್ತು ವರ್ಷದವನಿದ್ದಾಗ ಸರದಿ ಅವನ ಅಪ್ಪನದು. ಎರಡನೆಯ ಏಟಿಗೆ ಅಲಗು ಜಾರಿ, ಚಕ್ಕೆಗೆಂದು ಬಗ್ಗಿದ್ದ ಅಪ್ಪನ ಸ್ವಂತ ತಮ್ಮ ತೋದೋರನ ಮೊಣಕಾಲ ಕೆಳಗೆ ಇಳಿಯಿತು. ತೋದೋರ ಕೂಗಲಿಲ್ಲ, ಸರಿಯಲೂ ಇಲ್ಲ. ಊರು ಹಾಡು ಕಟ್ಟಿ ಆ ಕುಂಟುಗಾಲನ್ನು ಪದಕದಂತೆ ಮೆರೆಸಿತು. ಅಪ್ಪ ಮಾತ್ರ ಮತ್ತೆ ಮಚ್ಚು ಮುಟ್ಟಲಿಲ್ಲ. ಇಪ್ಪತ್ತಮೂರು ವರ್ಷದ ಮೇಲೆ ಸರದಿ ತಿರುಗಿ ಬಂದಾಗ "ನನ್ನ ಮನೆಗೆ ಬೇಡ" ಎಂದು ಬಾಗಿಲು ಹಾಕಿಕೊಂಡ.

ಈಗ ಮತ್ತೆ ಇಪ್ಪತ್ತಮೂರು ವರ್ಷ ಕಳೆದಿತ್ತು. ಅಪ್ಪ ಮಣ್ಣಲ್ಲಿದ್ದ. ಈ ಸಲ ತಪ್ಪಿದರೆ ಮುಂದಿನ ಸರದಿಗೆ ಬ್ಲಾಗೋಟನಿಗೆ ಎಪ್ಪತ್ತೆಂಟು. ಆ ಮನೆಯ ಕೈಯಿಂದ ಒಂದು ಓಕ್ ನೆಟ್ಟಗೆ, ಯಾರ ರಕ್ತವೂ ಇಲ್ಲದೆ ಬೀಳಬೇಕು ಎಂಬುದು ಅವನ ಒಂದೇ ಆಸೆ. ಅದನ್ನು ಅವನು ಯಾರ ಬಳಿಯೂ ಹೇಳಿಕೊಂಡಿರಲಿಲ್ಲ, ಹೆಂಡತಿಯ ಬಳಿಯೂ.

ಕಿರಿಕಿರಿ ಮೂರು ದಿನ ಮುಂಚೆಯೇ ಶುರುವಾಯಿತು. ಓಕ್ ಕಡಿಯಬೇಕಾದದ್ದು ವಂಶದ ಹಳೆಯ ಕೊಸಿಯೆರ್‌ನಿಂದ. ಅದು ಇರುವುದು ವಿದಾಕನ ಮನೆಯ ಗೋಡೆಯ ಮೇಲೆ. ವಿದಾಕ್ ಬ್ಲಾಗೋಟನ ದೊಡ್ಡಪ್ಪನ ಮಗ, ವಂಶದ ಮುಖಂಡ. ಹಾಗೆಂದು ಯಾರು ನೇಮಿಸಿದರೋ ಗೊತ್ತಿಲ್ಲ, ಅವನು ಮಾತ್ರ ಹಾಗೇ ನಡೆದುಕೊಳ್ಳುತ್ತಿದ್ದ. ಬ್ಲಾಗೋಟ ಅಲಗಿನ ಮೇಲೆ ಹೆಬ್ಬೆರಳು ಆಡಿಸಿ ನೋಡಿದ. ಬೆಣ್ಣೆಯನ್ನೂ ಕೊಯ್ಯುವಂತಿರಲಿಲ್ಲ.

"ವಿದಾಕಣ್ಣಾ, ಇದನ್ನ ಮಸೀಬೇಕು."

"ಮಸೀತೀಯಾ? ಲೋ, ಆ ಮುಕ್ಕುಗಳು ಏನಂತ ತಿಳ್ಕೊಂಡಿದ್ದೀಯ? ಒಂದೊಂದೂ ಒಬ್ಬೊಬ್ಬ ತುರ್ಕಿ ಸರದಾರ ಅಘಾನ ಎಲುಬಿಗೆ ತಗಲಿ ಆಗಿದ್ದು! ಅದನ್ನ ಉಜ್ಜಿಬಿಟ್ರೆ ನಮ್ಮ ಇತಿಹಾಸ ಏನಾಗ್ಬೇಕು?"

"ಮೊಂಡು ಅಲಗು ಮರದೊಳಗೆ ಹೋಗಲ್ಲಣ್ಣ, ಮರದ ಮೇಲಿಂದ ಹೋಗುತ್ತೆ. ಹೋಗಿ ಎಲ್ಲಿ ಕೂರುತ್ತೋ ಆ ಅಘಾನೂ ಹೇಳಲಾರ."

ಒಂದು ಸಂಜೆ ಪೂರ್ತಿ ಜಗಳ ನಡೆಯಿತು. ಕಡೆಗೆ ಬ್ಲಾಗೋಟ ಮಚ್ಚನ್ನು ಗೋಡೆಯಿಂದ ಇಳಿಸಿ, ಎಲ್ಲರೂ ನೋಡುತ್ತಿರುವಂತೆಯೇ ಅಂಗಳದ ಸಾಣೆಕಲ್ಲಿಗೆ ಹಚ್ಚಿದ. ಕಲ್ಲು ಕಿರ್ರೆಂದಾಗೆಲ್ಲ ವಿದಾಕ್ ಎದೆ ಹಿಡಿದುಕೊಂಡ. ಏಳು ಮುಕ್ಕುಗಳು ಹೋದವು. ಎಂಟನೆಯದರ ಮೇಲೆ ವಿದಾಕ್ ಅಂಗೈಯನ್ನೇ ಅಡ್ಡ ಇಟ್ಟ. ಅದು ತುದಿಯ ಬಳಿಯ ದೊಡ್ಡ ಮುಕ್ಕು, ಯಾವನೋ ಪಾಶಾನ ಭುಜದೆಲುಬಿನದಂತೆ. (ಕೊಟ್ಟಿಗೆಯ ಬಾಗಿಲಿನ ಮೊಳೆಯದು ಎಂದು ಹೇಳುವವರೂ ಇದ್ದಾರೆ. ಅವರೆಲ್ಲ ಹೊರಗಿನಿಂದ ಬಂದ ಸೊಸೆಯಂದಿರು.) ಕೈ ಕುಯ್ಯುವುದೋ ಮುಕ್ಕು ಬಿಡುವುದೋ ಎಂಬಲ್ಲಿಗೆ ಬಂದು, ಬ್ಲಾಗೋಟ ಮುಕ್ಕು ಬಿಟ್ಟ. ಮೂವತ್ತು ವರ್ಷದಲ್ಲಿ ಅವನು ತನ್ನ ಪಟ್ಟು ಬಿಟ್ಟದ್ದು ಅದೊಂದೇ ಸಲ.

ಓಕ್ ಕಡಿಯುವ ಬೆಳಗ್ಗೆ ಮೀಸೆಯ ಮೇಲೆ ಉಸಿರು ಹೆಪ್ಪುಗಟ್ಟುವಂಥ ಚಳಿ. ಬೇಲಿಯ ಕಲ್ಲುಗೋಡೆಯ ಪಕ್ಕ, ಮುಂಗೈ ದಪ್ಪದ ಎಳೆಯ ಓಕ್. ಸುತ್ತ ನಲವತ್ತು ಜನ, ನಲವತ್ತು ಟೋಪಿ. ಎಲ್ಲರಿಗಿಂತ ಮುಂದೆ ವಿದಾಕ್. ಎದೆ ಮುಂದೆ, ಹೊಟ್ಟೆ ಇನ್ನೂ ಮುಂದೆ. ಎರಡು ಬೂಟುಗಳ ನಡುವೆ ಹಿಮದಲ್ಲಿ ದ್ರಾಕ್ಷಿ ಸಾರಾಯಿ ರಾಕಿಯಾದ ಬಾಟಲಿ ನಿಲ್ಲಿಸಿಕೊಂಡಿದ್ದ, ಮರ ಬಿದ್ದೊಡನೆ ಕುಡಿಯಲೆಂದು.

ಬ್ಲಾಗೋಟ ಮರಕ್ಕೆ ಗೋಧಿಕಾಳು ಎರಚಿ, "ಶುಭೋದಯ ಕಣಪ್ಪಾ, ಹಬ್ಬ ಚೆನ್ನಾಗಿರ್ಲಿ" ಎಂದು ಶಾಸ್ತ್ರದಂತೆ ಹೇಳಿದ. ಶಿಲುಬೆ ಗುರುತು ಹಾಕಿಕೊಂಡ. ಬೂದಿ, ಕತ್ತೆತ್ತುವುದು, ಕಾಲು ಅಗಲಿಸುವುದು, ನಡುಪಟ್ಟಿಗೆ ಎಡಗೈ, ಎಲ್ಲ ಮುಗಿಯಿತು. ಒಂದು ಸುತ್ತು ತಿರುಗಲು ಹೋದರೆ ಅಲಗಿನ ತುದಿ ಏಳು ಜನರ ಕೋಟಿನ ಗುಂಡಿ ಮುಟ್ಟುತ್ತಿತ್ತು.

"ಮೂರು ಹೆಜ್ಜೆ."

ಯಾರೂ ಕದಲಲಿಲ್ಲ.

"ಇವತ್ತೊಂದು ದಿನ ಆದ್ರೂ ಆ ಮಾತು ಮನೇಲಿ ಬಿಟ್ಟು ಬರಬಾರ್ದಾಗಿತ್ತಾ?" ವಿದಾಕ್ ಹಲ್ಲು ಕಡಿದ. "ಕಡಿಯೋ ಸುಮ್ನೆ. ಬೆಳಕಾಗ್ತಿದೆ."

"ಬೆಳಕಾಗ್ಲಿ. ಮೂರು ಹೆಜ್ಜೆ."

"ಕಮೆನೊವಿಚ್‌ಗಳು ಹಿಂದೆ ಸರಿಯಲ್ಲ!"

"ಕಮೆನೊವಿಚ್ ಕಡಿಯೋದೂ ಇಲ್ಲ ಹಾಗಾದ್ರೆ." ಬ್ಲಾಗೋಟ ಕೊಸಿಯೆರನ್ನು ಪಕ್ಕದ ಹಳೆಯ ಬೊಡ್ಡೆಗೆ ಊರಿದ. ಕಲ್ಲುಗೋಡೆಯ ಮೇಲೆ ಕುಳಿತು, ಜೇಬಿನಿಂದ ಒಣ ಅಂಜೂರ ತೆಗೆದು ಬಾಯಿಗೆ ಹಾಕಿಕೊಂಡ.

ಇಂಥ ಮುತ್ತಿಗೆಯನ್ನು ಸುವೊದೋಲಿ ಯಾವ ಯುದ್ಧದಲ್ಲೂ ಕಂಡಿರಲಿಲ್ಲ. ಒಂದು ಕಡೆ ನಲವತ್ತು ವೀರರು, ಇನ್ನೊಂದು ಕಡೆ ಅಂಜೂರ ಅಗಿಯುವ ಒಬ್ಬ. ಬೆಟ್ಟದ ನೆತ್ತಿ ಬೂದಿಯಿಂದ ಬಿಳಿ, ಬಿಳಿಯಿಂದ ನಸುಗೆಂಪಾಗುತ್ತ ಬಂತು.

"ನಿಮ್ಮಪ್ಪ ಹೆದರಿ ಬಾಗಿಲು ಹಾಕ್ಕೊಂಡ, ಮಗ ಹೆದರಿ ಗೋಡೆ ಏರಿದ," ಎಂದು ಹಿಂದಿನಿಂದ ಯಾರೋ ಅಂದರು.

ಬ್ಲಾಗೋಟನ ದವಡೆ ನಿಂತಿತು. ಮಚ್ಚನ್ನು ನೋಡಿದ. ಎದ್ದು ನಾಲ್ಕು ಏಟು ಹಾಕಿದರೆ ಆಯಿತು, ಮನೆಯ ಹೆಸರು ಉಳಿಯುತ್ತದೆ. ಏನೂ ಆಗದೆಯೂ ಹೋಗಬಹುದು. ಇಪ್ಪತ್ತೆರಡು ಮನೆಯವರಿಗೆ ಏನೂ ಆಗಿರಲಿಲ್ಲವಲ್ಲ. ಅವನು ಇನ್ನೊಂದು ಅಂಜೂರ ತೆಗೆದ. ಅದು ಜಾರಿ ಹಿಮಕ್ಕೆ ಬಿತ್ತು. ಎತ್ತಿ, ಒರೆಸಿ, ತಿಂದ.

"ಹೌದು, ಹೆದರಿದೀನಿ," ಎಂದ, ಎಲ್ಲರಿಗೂ ಕೇಳುವಂತೆ. "ಮೂರು ಹೆಜ್ಜೆ."

ಅಷ್ಟರಲ್ಲಿ ಇಕೊನಿಯಾ ಬಂದಳು. ಕುಂಟ ತೋದೋರನ ವಿಧವೆ, ಬ್ಲಾಗೋಟನ ಚಿಕ್ಕಮ್ಮ, ಎಂಬತ್ತು ದಾಟಿದವಳು. ಹೆಂಗಸರು ಬಾಗಿಲಲ್ಲೇ ನಿಂತು ಓಕ್ ಬಂದಾಗ ಗೋಧಿ ಎರಚಬೇಕು. ಕಾದು ಕಾದು ಸಾಕಾಗಿ, ಗೋಧಿಯ ಬೋಗುಣಿ ಕಂಕುಳಲ್ಲಿಟ್ಟುಕೊಂಡು ಅವಳೇ ಏರಿ ಬಂದಿದ್ದಳು.

"ಏನ್ರೋ ಇದು? ಒಲೆ ಆರ್ತಾ ಇದೆ, ಇಲ್ಲಿ ನಿಂತ್ಕೊಂಡು ಫೋಟೋ ತೆಗಿಸ್ಕೊಳ್ತಿದೀರಾ?"

ವಿದಾಕ್ ವಿಷಯ ಹೇಳಿದ. ಹೇಳುತ್ತ ಹೇಳುತ್ತ ತೋದೋರನ ವೀರಗಾಲಿನ ಪ್ರಸ್ತಾಪವೂ ಬಂತು, ವಂಶದ ಹೆಮ್ಮೆ ಇತ್ಯಾದಿ.

"ಹೆಮ್ಮೆ ನಿಮ್ದು, ಬ್ಯಾಂಡೇಜು ನಂದು," ಎಂದಳು ಇಕೊನಿಯಾ. "ಮೂವತ್ತೊಂದು ವರ್ಷ ಆ ಕಾಲು ತೊಳ್ದಿದೀನಿ. ಮಳೆ ಬರೋ ಹಿಂದಿನ ರಾತ್ರಿ ದಿಂಬು ಕಚ್ಕೊಂಡು ಅಳ್ತಿದ್ದ ನಿಮ್ಮ ವೀರ. ಅದನ್ನ ಹಾಡಲ್ಲಿ ಸೇರಿಸಿದೀರೇನೋ?"

ನಲವತ್ತು ಗಂಡಸರು ಬೂಟು ನೋಡಿಕೊಂಡರು. ಆದರೂ ಸರಿಯಲಿಲ್ಲ. ನಾಚಿಕೆಪಡುವುದು ಬೇರೆ, ಸರಿಯುವುದು ಬೇರೆ.

"ಚಿಕ್ಕಮ್ಮಾ, ನೀನೇ ಹೇಳು," ವಿದಾಕ್ ಬೇಡಿಕೊಂಡ, "ಹಿಂದೆ ಹೋಗು ಅಂದ್ರೆ ನಾವು ಹೇಗೆ..."

"ಹಿಂದೆ ಹೋಗಿ ಅಂತ ಯಾರಪ್ಪಾ ಅಂದ್ರು?" ಮುದುಕಿ ಬೋಗುಣಿ ಕೆಳಗಿಟ್ಟಳು. "ತಿರುಗ್ರೋ. ಎಲ್ಲಾರೂ. ಮರಕ್ಕೆ ಬೆನ್ನು ಕೊಡಿ. ಹಾಂ. ಈಗ ಮುಂದಕ್ಕೆ ನಡೀರಿ, ಮೂರು ಹೆಜ್ಜೆ. ಕಮೆನೊವಿಚ್‌ಗಳಿಗೆ ಮುಂದೆ ಹೋಗೋಕೂ ಹೆದರಿಕೆನಾ?"

ವಂಶ ಯೋಚಿಸಿತು. ಸುಲ್ತಾನನ ಕಾಲದಿಂದ ಬಂದ ನಿಯಮದಲ್ಲಿ ಮುಂದೆ ನಡೆಯಬಾರದು ಎಂದು ಎಲ್ಲೂ ಇರಲಿಲ್ಲ. ಶತ್ರು ಯಾವ ಕಡೆ ಇರಬೇಕೆಂದೂ ಇರಲಿಲ್ಲ. ಮೊದಲು ಒಬ್ಬ ಕೆಮ್ಮಿ ತಿರುಗಿದ, ಆಮೇಲೆ ಮೂವರು, ಆಮೇಲೆ ಎಲ್ಲರೂ. ಎದೆ ಉಬ್ಬಿಸಿಕೊಂಡು ನಲವತ್ತು ದಿಕ್ಕಿಗೆ ದಂಡೆತ್ತಿ ಹೋದರು. ವಿದಾಕ್ ಮುಖಂಡನಾದ್ದರಿಂದ ನಾಲ್ಕು ಹೆಜ್ಜೆ ಹೋದ. ಆವೇಶದಲ್ಲಿ ಬಾಟಲಿ ಮರೆತ.

ಬ್ಲಾಗೋಟ ಗೋಡೆಯಿಂದ ಇಳಿದು, ಬೂದಿಯಿಂದ ಹಿಡಿದು ಎಲ್ಲ ವಿಧಿಯನ್ನೂ ಮೊದಲಿನಿಂದ ಮಾಡಿದ. ಬೆನ್ನು ಹಾಕಿದ ಸೈನ್ಯ ನಿಟ್ಟುಸಿರು ಬಿಟ್ಟಿತು.

ಮೊದಲ ಏಟಿಗೆ ಹಾರಿದ ಚಕ್ಕೆಯನ್ನು ಹಿಡಿಯಲು ಒಂದು ಟೋಪಿಯೂ ಇರಲಿಲ್ಲ. ದೂರದಲ್ಲಿ ಗೋಡೆಯ ಬಳಿ ನಿಂತಿದ್ದ ಇಕೊನಿಯಾಳ ಕಾಲ ಬುಡಕ್ಕೆ ಅದು ಬಿತ್ತು. ಅವಳು ಯಾರಿಗೂ ಹೇಳದೆ ಮಡಿಲಿಗೆ ಹಾಕಿಕೊಂಡಳು. ಎರಡನೆಯ ಏಟು ಅರ್ಧ ಮರ ತಿಂದಿತು. ಮೂರನೆಯದು ಹೆಪ್ಪುಗಟ್ಟಿದ ಗಂಟಿನ ಮೇಲೆ ಬಿತ್ತು. ಪಾಶಾನ ಮುಕ್ಕು ಗಂಟಿಗೆ ಕಚ್ಚಿ, ಅಲಗು ತಿರುಚಿ, ಕೆಳಗೆ ಬಲಕ್ಕೆ ಹಾವಿನಂತೆ ಹಾರಿತು. ಬ್ಲಾಗೋಟನ ಅಗಲಿಸಿದ ಕಾಲುಗಳನ್ನು ಬಿಟ್ಟು, ಬರಿದಾದ ಜಾಗದಲ್ಲಿ ಮೊಣಕಾಲ ಕೆಳಗಿನ ಎತ್ತರಕ್ಕೆ ಬೀಸಿ ಹೋಯಿತು.

ಗಾಜು ಒಡೆದ ಸದ್ದು.

ಎಲ್ಲರೂ ತಿರುಗಿದರು. ಹಿಮದಲ್ಲಿ ಬಾಟಲಿಯ ಬುಡ ನಿಂತಿತ್ತು, ಕುತ್ತಿಗೆ ಎಲ್ಲೋ ಹಾರಿತ್ತು. ರಾಕಿಯಾದ ಘಾಟು ಚಳಿಗೆ ಎದ್ದಿತು. ಬಾಟಲಿಯ ಈ ಕಡೆ ಒಂದು ದೊಡ್ಡ ಬೂಟಿನ ಗುರುತು, ಆ ಕಡೆ ಒಂದು. ವಿದಾಕ್ ಆ ಗುರುತುಗಳನ್ನು ನೋಡಿದ, ತನ್ನ ಬೂಟುಗಳನ್ನು ನೋಡಿದ, ಮೆಲ್ಲಗೆ ಹಿಮದ ಮೇಲೆ ಕುಳಿತ.

ಯಾರ ಅಪ್ಪಣೆಗೂ ಕಾಯದೆ ಸೈನ್ಯ ಮತ್ತೆ ತಿರುಗಿ ಇನ್ನೂ ಹತ್ತು ಹೆಜ್ಜೆ ಮುನ್ನುಗ್ಗಿತು. ನಾಲ್ಕನೆಯ ಏಟಿಗೆ ಓಕ್ ಪೂರ್ವಕ್ಕೆ ಬಿತ್ತು. ಬೆಟ್ಟದ ಅಂಚಲ್ಲಿ ಸೂರ್ಯನ ಚೂರೂ ಇನ್ನೂ ಕಂಡಿರಲಿಲ್ಲ. ಬ್ಲಾಗೋಟ ಮರದ ಬುಡವನ್ನೂ, ಸುತ್ತಲಿನ ಬಿಳಿಯ ಹಿಮವನ್ನೂ ಒಂದು ಸಲ ನೋಡಿದ. ಎಲ್ಲೂ ಕೆಂಪಿರಲಿಲ್ಲ. ಎಡಗೈಯನ್ನು ನಡುಪಟ್ಟಿಯಿಂದ ಬಿಡಿಸಿಕೊಂಡು ಮೂಗು ಒರೆಸಿಕೊಂಡ.

ಓಕ್ ಹೊತ್ತು ಇಳಿಯುವಾಗ ವಿದಾಕ್ ಅವನ ಪಕ್ಕಕ್ಕೆ ಬಂದ. ಮುಖ ಇನ್ನೂ ಸುಣ್ಣದಂತಿತ್ತು, ಕಣ್ಣು ತುಂಬಿತ್ತು. ತಂತಿವಾದ್ಯ ನುಡಿಸಿ ವೀರರ ಹಾಡು ಕಟ್ಟುವ ಚಟ ಅವನಿಗೆ ಮೊದಲಿಂದಲೂ ಇತ್ತು.

"ತಮ್ಮಾ," ಎಂದ. "ಇಡೀ ವಂಶದ ಎದುರು ಒಬ್ಬನೇ ನಿಂತೆ. ನನ್ನ ಕಾಲು ಉಳಿಸಿದೆ. ಆ ಗೋಡೆ ಮೇಲೆ ಕೂತಾಗ ನಿನ್ನ ಎದೆಯೊಳಗೆ ಏನು ಓಡ್ತಿತ್ತು? ಹೇಳು. ಇದನ್ನ ನಾನು ಹಾಡಬೇಕು."

ಬ್ಲಾಗೋಟ ಓಕನ್ನು ಆ ಹೆಗಲಿಂದ ಈ ಹೆಗಲಿಗೆ ಬದಲಾಯಿಸಿಕೊಂಡ.

"ನಿಕ್ಷಿಚ್ ರಸ್ತೆ ಮೊನ್ನೆಯಿಂದ ಹಿಮ ಬಿದ್ದು ಮುಚ್ಚಿದೆ. ಕಾಲಿಗೆ ಏಟು ಬಿದ್ದಿದ್ರೆ ಆಸ್ಪತ್ರೆವರೆಗೂ ನಿನ್ನ ಹೊತ್ಕೊಂಡು ಹೋಗ್ಬೇಕಾದೋನು ನಾನೇ. ನೀನು ನೂರಾಹದಿನೈದು ಕಿಲೋ ಇದ್ದೀಯಣ್ಣಾ."