ಹೆದ್ದಾರಿ ತಿರುವಿನ ಸಿಮೆಂಟು ಬೊಂಬೆ

ಚನ್ನಪಟ್ಟಣದ ಹೆದ್ದಾರಿ ತಿರುವಿನಲ್ಲಿ ಸಿಮೆಂಟಿನ ದೊಡ್ಡ ಬೊಂಬೆ ನಿಲ್ಲಿಸಿದ ವರ್ಷ ಅಪ್ಪನಷ್ಟು ಖುಷಿಪಟ್ಟವರು ನಮ್ಮ ಬೀದಿಯಲ್ಲಿ ಇನ್ಯಾರೂ ಇರಲಿಲ್ಲ. ನಮ್ಮದು ಮರಕ್ಕೆ ಅರಗಿನ ಬಣ್ಣ ಹಿಡಿಸಿ ಬೊಂಬೆ ಮಾಡುವ ಮನೆ. ಅಂಗಡಿಗಳ ತುಂಬ ಚೀನಾದ ಪ್ಲಾಸ್ಟಿಕ್ ಬಂದು ಕೂತಿತ್ತು, ಅಕ್ಕಪಕ್ಕದ ಮನೆಗಳ ಮರ ಕಡೆಯುವ ಲೇತುಗಳು ಒಂದೊಂದಾಗಿ ಗುಜರಿ ಸೇರಿದ್ದವು. ಅಣ್ಣ ಆಗಲೇ ಬಿಡದಿಯ ಕಾರ್ಖಾನೆ ಬಸ್ಸು ಹತ್ತಿದ್ದ. ನಮ್ಮ ಲೇತನ್ನೂ ಕೊಟ್ಟುಬಿಡೋಣ ಎಂದು ಅವನು ಅಂದಾಗಲೆಲ್ಲ ಅಪ್ಪನದು ಒಂದೇ ಉತ್ತರ.

"ಸುಮ್ನಿರ್ಲಾ. ಬೊಂಬೆ ನಿಲ್ಸವ್ರೆ ಅಂದ್ರೆ ಕೆಲ್ಸ ಬತ್ತದೆ ಅಂತ ತಾನೆ?"

ನನಗೂ ಹಾಗೇ ಅನ್ನಿಸಿತ್ತು. ಊರಿನ ಗುರುತು ಎಂದು ನಡುರಸ್ತೆಯಲ್ಲಿ ನಿಲ್ಲಿಸಿದವರು ಅದನ್ನು ಮಾಡುವವರ ಕೈಬಿಡುತ್ತಾರೆಯೇ? ಬಿಟ್ಟರು. ಕಾರಿನವರು ಇಳಿದು, ಅದರ ಪಕ್ಕ ಫೋಟೋ ತೆಗೆಸಿಕೊಂಡು, ಮೈಸೂರಿಗೆ ಹೋದರು. ನಮ್ಮ ಬೀದಿಯತ್ತ ಒಬ್ಬರೂ ತಿರುಗಲಿಲ್ಲ. ಎರಡು ಮಳೆಗಾಲಕ್ಕೇ ಬೊಂಬೆಯ ಮುಖದ ಬಣ್ಣ ಚಕ್ಕೆಯೆದ್ದು ಉದುರಿತು.

ಅಪ್ಪನಿಗೆ ಅದೇ ಚಿಂತೆ ಹಿಡಿಯಿತು. "ಇಂಥ ಮೊಕ ನೋಡಿ ಯಾರ್ ಬಂದಾರು" ಎನ್ನುತ್ತ ಒಂದು ಮಧ್ಯಾಹ್ನ ಅರಗಿನ ಕಡ್ಡಿ, ತಾಳೆಗರಿ ಹಿಡಿದು ಹೊರಟೇಬಿಟ್ಟ. ನಾನು ಹಿಂದೆಯೇ ಓಡಿದೆ.

ನಮ್ಮ ಕೆಲಸದಲ್ಲಿ ಬೊಂಬೆ ತಿರುಗುತ್ತದೆ, ಕೈ ನಿಂತಿರುತ್ತದೆ. ಲೇತಿನ ಮೇಲೆ ಗಿರ್ರನೆ ಸುತ್ತುವ ಮರಕ್ಕೆ ಅರಗು ಒತ್ತಿದರೆ ಉಜ್ಜಿದ ಬಿಸಿಗೇ ಕರಗಿ ಹಿಡಿಯುತ್ತದೆ. ಆಮೇಲೆ ಗರಿ ಒತ್ತಿದರೆ ಹೊಳಪು. ಈ ಬೊಂಬೆ ತಿರುಗುವುದಿಲ್ಲವಲ್ಲ. ಅದಕ್ಕೇ ಅಪ್ಪ ಅರಗನ್ನು ಅದರ ಹೊಟ್ಟೆಗೆ ಒತ್ತಿ ಹಿಡಿದು ತಾನೇ ಸುತ್ತತೊಡಗಿದ.

"ಏನಣ್ಣೋ, ಹರಕೆ ಕಟ್ಕಂಡಿದ್ದೀಯಾ?" ಎಂದು ಆಟೋದವನೊಬ್ಬ ನಕ್ಕ. ಅವನ ಮೇಲೆ ಬಂದ ಸಿಟ್ಟು ನನಗೆ ಅಪ್ಪನ ಮೇಲೂ ಬಂತು. ಸಿಮೆಂಟಿಗೆ ಅರಗು ಹಿಡಿಯದು ಎಂದು ಅಪ್ಪನಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು?

"ಸಾಕು ಬಾರಪ್ಪ" ಎಂದೆ. ಕೇಳಲಿಲ್ಲ. ಏದುಸಿರು ಬಿಡುತ್ತ ಸುತ್ತಿದ, ಕಡ್ಡಿ ಮುರಿದ ಮೇಲೆ ಅಲ್ಲೇ ಕಟ್ಟೆಯ ಮೇಲೆ ಕೂತ. ಬೊಂಬೆಯ ಮೈಮೇಲೆ ಕೆಂಪು ಗೀರುಗಳಷ್ಟೇ ಉಳಿದಿದ್ದವು. ಅವನನ್ನು ಎಬ್ಬಿಸಿ ಕರೆತರುವಾಗ ನನಗೆ ಅಳು ತಡೆಯಲಾಗಲಿಲ್ಲ.

ಸಂಜೆ ಅಣ್ಣ ಬಂದಾಗ ಅಪ್ಪ ಲೇತು ತಿರುಗಿಸುವ ಬೆಲ್ಟು ಬಿಚ್ಚುತ್ತಿದ್ದ. ತಲೆಯೆತ್ತದೆ ಹೇಳಿದ:

"ನಿಮ್ ಫ್ಯಾಕ್ಟ್ರೀಲಿ ಒಸಿ ಕೇಳ್ಲಾ. ಗುಡ್ಸೋ ಕೆಲ್ಸ ಆದ್ರೂ ಸರಿ."

ಅಣ್ಣ ಊಟದ ಡಬ್ಬಿ ಕೆಳಗಿಟ್ಟ. ಆಮೇಲೆ ಮೆಲ್ಲಗೆ, "ನಿನ್ ವಯಸ್ಸಿನೋರ್ನ ಗೇಟಿಂದ ಒಳೀಕೇ ಬುಡಾಕಿಲ್ಲ ಕಣಪ್ಪ" ಎಂದ.

ಅಪ್ಪ ತಲೆಯಾಡಿಸಿ, ಬೆಲ್ಟನ್ನು ಪೂರ್ತಿ ಬಿಚ್ಚಿಟ್ಟ.