ಸ್ನಾನ ಮಾಡಿದ ಸ್ಕೇಟ್‌ಬೋರ್ಡು

ಕಳೆದ ಆಯುಧಪೂಜೆಯ ದಿನ, ಬೆಳಿಗ್ಗೆ ಆರು ಗಂಟೆ, ಆರ್.ಟಿ. ನಗರದ ನಮ್ಮ ಮನೆಯ ಅಂಗಳ. ಹಾಜರಿದ್ದವರು ನಾನು, ನನ್ನ ಹೆಂಡತಿ ಪಾರ್ವತಿ, ನಮ್ಮ ಸ್ಕೂಟರು ಮತ್ತು ಗೋಡೆಗೆ ಒರಗಿಸಿಟ್ಟಿದ್ದ ಒಂದು ಸ್ಕೇಟ್‌ಬೋರ್ಡು. ಅದರ ಒಡತಿ ಮಾರ್ತಾ ಮಹಡಿಯ ಮೇಲೆ ಮಲಗಿದ್ದಳು. ಅವಳು ಎದ್ದಿದ್ದರೆ ನನಗೆ ಬರೆಯಲು ಏನೂ ಇರುತ್ತಿರಲಿಲ್ಲ.

ನಾನು ಬಸ್ ಡಿಪೋದಲ್ಲಿ ದುಡಿದು ನಿವೃತ್ತನಾದವನು. ಅಲ್ಲಿ ಈ ಹಬ್ಬಕ್ಕೆ ತೊಳೆಯದೆ ಬಿಟ್ಟ ಗಾಡಿಯನ್ನು ಕಂಡರೆ ನನಗೆ ಊಟ ಸೇರುತ್ತಿರಲಿಲ್ಲ. ಡಿಪೋ ಹೋದರೂ ಚಾಳಿ ಹೋಗಿಲ್ಲ. ಈಗ ಸ್ಕೂಟರು, ಈಳಿಗೆಮಣೆ, ಸುತ್ತಿಗೆ, ಕತ್ತರಿಗಳು ನನ್ನ ಕೈಗೆ ಸಿಕ್ಕಿ ಮೀಯುತ್ತವೆ. ಮಿಕ್ಸಿಯನ್ನು ಮಾತ್ರ ಪಾರ್ವತಿ ಕೊಡುವುದಿಲ್ಲ.

ಮಾರ್ತಾ ಪೋಲೆಂಡಿನವಳು, ನನ್ನ ಅಕ್ಕನ ಮಗಳು ದಿವ್ಯಾಳ ಸ್ನೇಹಿತೆ. ನಮ್ಮ ಮಹಡಿಯಲ್ಲಿರುವ ದಿವ್ಯಾ ಫಿಸಿಯೋಥೆರಪಿಸ್ಟು. ವಾರವಿಡೀ ಊರವರ ಮಂಡಿ ಸರಿಮಾಡಿ ಭಾನುವಾರ ಸ್ಕೇಟ್‌ಬೋರ್ಡಿನ ಮೇಲೆ ತನ್ನ ಮಂಡಿ ಕೆಡಿಸಿಕೊಳ್ಳುತ್ತಾಳೆ. ಮಾರ್ತಾ ಬಂದ ದಿನ ನಾನು ಅರಮನೆ, ತೋಟ, ನಂದಿಬೆಟ್ಟ ಎಂದು ಕ್ರಮವಾಗಿ ಕಾರ್ಯಕ್ರಮ ಹಾಕಿಕೊಟ್ಟೆ. ಅವಳು ವಿನಯದಿಂದಲೇ ತಲೆಯಾಡಿಸಿ ಫೋನು ತೋರಿಸಿದಳು. ಅದರಲ್ಲೂ ಬೆಂಗಳೂರಿನ ನಕ್ಷೆಯೇ ಇತ್ತು. ಆದರೆ ಗುರುತು ಹಾಕಿದ್ದು ಯಶವಂತಪುರದ ಮೇಲ್ಸೇತುವೆಯ ಅಡಿ, ನಾಗಸಂದ್ರದಲ್ಲೊಂದು ಇಳಿಜಾರು, ಹೆಬ್ಬಾಳದಲ್ಲಿ ಯಾವುದೋ ಕಚೇರಿಯ ಮುಂದಿನ ಕಲ್ಲುಕಟ್ಟೆ. ಇಷ್ಟು ದೂರ ವಿಮಾನದಲ್ಲಿ ಬಂದದ್ದು ನಮ್ಮ ಮೆಟ್ಟಿಲು, ಕಟ್ಟೆಗಳ ಮೇಲೆ ಹಾರುವುದಕ್ಕೆ! ನಾವು ಈ ಊರಿನ ನೆಲವನ್ನು ನೋಡುವುದು ಎಡವಿದಾಗ ಮಾತ್ರ, ಅದೂ ಬೈಯುವುದಕ್ಕೆ. ಹೋದಲ್ಲೆಲ್ಲ ವಾಚ್‌ಮನ್‌ಗಳು ಅಟ್ಟಿದ್ದರಿಂದ ಅವಳು ಕಲಿತ ಮೊದಲ ಕನ್ನಡ ‘ನಡಿ ನಡಿ’. ಅದನ್ನು ನಮಸ್ಕಾರವೆಂದು ತಿಳಿದು ಎರಡು ದಿನ ಪಾರ್ವತಿಗೂ ಹೇಳುತ್ತಿದ್ದಳು.

ಅವಳ ಮನಸ್ಸು ನೆಟ್ಟಿದ್ದು ಚಿಕ್ಕಜಾಲದ ಒಂದು ಹೊಸ ಕಲ್ಯಾಣಮಂಟಪದ ಮೇಲೆ. ಅದರ ಮುಂದಿನ ಅಗಲವಾದ ಮೆಟ್ಟಿಲುಗಳನ್ನೆಲ್ಲ ಒಂದೇ ನೆಗೆತಕ್ಕೆ ದಾಟಿ, ಬೋರ್ಡಿನ ಮೇಲೆಯೇ ಇಳಿದು, ಮುಂದೆ ಉರುಳಿಕೊಂಡು ಹೋಗಬೇಕು. ಎರಡು ಸಲ ಬಿದ್ದಿದ್ದಳು, ಎರಡು ಸಲ ಅಟ್ಟಿಸಿಕೊಂಡಿದ್ದಳು. ಮಂಟಪ ಪಾರ್ವತಿಯ ದೊಡ್ಡಮ್ಮನ ಮಗ ಮುನಿರಾಜುವಿನದು. ಹೊಲವಿದ್ದ ಜಾಗದಲ್ಲೇ ಕಟ್ಟಿಸಿದ್ದಾನೆ. ನಾನು ಫೋನು ಮಾಡಿ ಕೇಳಿದ್ದಕ್ಕೆ, ಆಯುಧಪೂಜೆಯ ದಿನ ತನ್ನ ಜೆಸಿಬಿಗಳ ಪೂಜೆ ಮುಗಿದ ಮೇಲೆ ಬನ್ನಿ ಎಂದ. ಮರುದಿನ ಮೆಟ್ಟಿಲಿನ ನಡುವೆ ಸ್ಟೀಲ್ ಕಂಬಿ ಬರುವುದಿತ್ತು. ಮಾರ್ತಾ ಊರಿಗೆ ಹೊರಡುವುದೂ ಮರುದಿನವೇ. ಉಳಿದದ್ದು ಆ ಒಂದು ದಿನ.

ಇಂಥ ದಿನ ಹೊರಡುವ ಗಾಡಿ ಕೊಳಕಾಗಿರಬಹುದೇ? ಬೋರ್ಡನ್ನು ಸೋಪಿನ ನೀರಿನ ಬಕೆಟ್ಟಿನಲ್ಲಿ ನೆನೆಹಾಕಿದೆ. ಸ್ಕೂಟರು ಮುಗಿಸಿ ಬಂದು ತೆಂಗಿನ ನಾರಿನಲ್ಲಿ ಉಜ್ಜಿದೆ. ಮೇಲೆ ಉಪ್ಪುಕಾಗದದಂಥ ಕರಿ ಹಾಳೆಯೊಂದು ಅಂಟಿತ್ತು; ಅದನ್ನೂ ಜಿಡ್ಡೆಂದು ಆದಷ್ಟು ಕೆರೆದೆ. ಅರಿಶಿನ, ಕುಂಕುಮ, ಚೆಂಡು ಹೂವಿನ ಹಾರ ಹಾಕಿ ನಿಲ್ಲಿಸಿದಾಗ ಮದುವಣಗಿತ್ತಿಯ ಹಾಗೆ ಕಾಣುತ್ತಿತ್ತು.

ದಿವ್ಯಾ ಕೆಳಗಿಳಿದು ಬಂದು ನಿಂತಲ್ಲೇ ನಿಂತಳು. “ಮಾವ, ಅದನ್ನ ನೆನೆಸಿದ್ರಾ?”

“ಚೆನ್ನಾಗಿ,” ಎಂದೆ.

ಬೋರ್ಡೆಂದರೆ ತೆಳು ಮರದ ಹಾಳೆಗಳನ್ನು ಅಂಟಿಸಿದ ಹಲಗೆಯಂತೆ. ನೀರು ಕುಡಿದರೆ ಅದರ ಪುಟಿತವೆಲ್ಲ ಹೋಗಿ, ಗಾಳಿಗೆ ಬಿಟ್ಟ ಹಪ್ಪಳದ ಹಾಗಾಗುತ್ತದಂತೆ. ನಾನು ಕೆರೆದ ಕರಿ ಹಾಳೆ ಕಾಲು ಜಾರದಿರಲೆಂದು ಅಂಟಿಸಿದ್ದಂತೆ. ದಿವ್ಯಾಳ ಬೋರ್ಡು ಹಿಂದಿನ ವಾರವೇ ಮುರಿದಿತ್ತು. ಅಂಗಡಿಗಳಿಗೆ ರಜೆ. ಹಿಂದೆಯೇ ಇಳಿದು ಬಂದ ಮಾರ್ತಾ ತನ್ನ ಬೋರ್ಡನ್ನು ಬಗ್ಗಿಸಿ ನೋಡಿದಳು, ಹಾರವನ್ನು ನೋಡಿದಳು, ನನ್ನನ್ನು ನೋಡಿದಳು, ದಿವ್ಯಾಳ ಕಿವಿಯಲ್ಲಿ ಏನೋ ಹೇಳಿದಳು.

“ಏನಂತೆ?” ಎಂದೆ.

“ಇಷ್ಟು ಪ್ರೀತಿಯಿಂದ ಹಾಳು ಮಾಡಿದ್ರೆ ಬೈಯೋದಾದ್ರೂ ಹೇಗೆ ಅಂತಿದಾಳೆ.”

ಆ ಹೊತ್ತಿಗೆ ನನ್ನ ಮುಖ ನೋಡಬೇಕಿತ್ತು ಎಂದು ಪಾರ್ವತಿ ಈಗಲೂ ಬಂದವರಿಗೆಲ್ಲ ಹೇಳುತ್ತಾಳೆ. ಅವಳೇ ಬೋರ್ಡನ್ನು ತಾರಸಿಗೆ ಒಯ್ದು, ಸಂಡಿಗೆ ತಿರುವಿದಂತೆ ತಿರುವಿ ತಿರುವಿ ಒಣಗಿಸಿದಳು.

ಮಧ್ಯಾಹ್ನ ಚಿಕ್ಕಜಾಲದಲ್ಲಿ ಜೆಸಿಬಿ ಡ್ರೈವರುಗಳು ಕಡ್ಲೆಪುರಿ ತಿನ್ನುತ್ತಾ ಮೆಟ್ಟಿಲಿನ ಎರಡೂ ಬದಿ ಕೂತಿದ್ದರು. ಮುನಿರಾಜು ಬೋರ್ಡನ್ನು ತಿರುಗಿಸಿ ನೋಡಿ, “ಏನ್ ಭಾವ, ಈ ಅಲಗೆ ನಂಬ್ಕೊಂಡು ಅಷ್ಟ್ ಮೆಟ್ಲು ಆರ್ತದಾ ಈ ಮಗು?” ಎಂದ. ಮೊದಲ ನೆಗೆತಕ್ಕೆ ಮಾರ್ತಾ ಹಾರಿದಳು, ಬೋರ್ಡು ಮೇಲೆಯೇ ಉಳಿಯಿತು. ಎರಡನೆಯದಕ್ಕೆ ಬೋರ್ಡು ಹಾರಿತು. ಮೂರನೆಯದಕ್ಕೆ ಇಬ್ಬರೂ ಹಾರಿ ಬೇರೆ ಬೇರೆ ಕಡೆ ಇಳಿದರು. ಅವಳ ಮೊಣಕೈ ತರಚಿತು. ಕಡ್ಲೆಪುರಿ ಅಗಿಯುವ ಸದ್ದು ನಿಂತಿತು. ನಾನು ಸಾಕು ಎನ್ನಲು ಬಾಯಿ ತೆರೆದೆ. ಅವಳಾಗಲೇ ಮೆಟ್ಟಿಲು ಹತ್ತುತ್ತಿದ್ದಳು.

“ನಿಂಬೆಹಣ್ಣು ತುಳಿಸ್ದೇನೇ ಓಡಿಸ್ತಾವ್ಳೆ, ಇನ್ನೆಂಗಾಯ್ತದೆ?” ಎಂದು ಮುನಿರಾಜು ತಾನೇ ಚಕ್ರದಡಿ ನಾಲ್ಕು ನಿಂಬೆಹಣ್ಣು ಇಟ್ಟ. ಮಾರ್ತಾ ಅವನ್ನು ಗಂಭೀರವಾಗಿ ಅಪ್ಪಚ್ಚಿ ಮಾಡಿ, ಹಿಂದೆ ಸರಿದು, ಓಡಿ ಬಂದು ನೆಗೆದಳು. ಎರಡು ಕಾಲೂ ಬೋರ್ಡಿನ ಮೇಲೆಯೇ ಇಳಿದವು. ಹತ್ತಡಿ ಉರುಳಿತು. ಆಮೇಲೆ ಒಂದು ಸದ್ದು. ಬೋರ್ಡು ಎರಡು ತುಂಡು, ಅವಳು ಒಂದೇ ತುಂಡು.

ಇದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ದಿವ್ಯಾಳಿಗೂ ಡ್ರೈವರುಗಳಿಗೂ ವಾದ ಶುರುವಾಯಿತು. ಮಾರ್ತಾ ತುಂಡುಗಳನ್ನು ಹಿಡಿದುಕೊಂಡು ನನ್ನ ಕಡೆ ನೋಡಿದಳು. ಇಂಥ ತಕರಾರು ನನಗೆ ಹೊಸದಲ್ಲ.

“ಕೊನೇ ಸ್ಟಾಪಿಗೆ ಬಂದು, ಜನ ಎಲ್ಲ ಇಳಿದ ಮೇಲೆ ಬಸ್ ಕೆಟ್ರೆ ಟ್ರಿಪ್ ಪೂರ್ತಿ,” ಎಂದೆ. “ಇದೂ ಪೂರ್ತಿ.”

ದಿವ್ಯಾ ಅದನ್ನು ಇಂಗ್ಲಿಷಿನಲ್ಲಿ ಹೇಳುವಷ್ಟರಲ್ಲಿ ಮಾರ್ತಾ ನೆಲದ ಮೇಲೆ ಕೂತು ಅತ್ತೂ ಆಗಿತ್ತು, ನಕ್ಕೂ ಆಗಿತ್ತು.

ನಿಂಬೆಯ ಸಿಪ್ಪೆಯ ಮೇಲೆ ಯಾರಾದರೂ ಜಾರಿಯಾರೆಂದು ನಾನು ಪೊರಕೆ ತಂದು, ಮೆಟ್ಟಿಲು ಹತ್ತಿ, ಮೇಲೆಲ್ಲ ಗುಡಿಸಿದೆ. ಗುಡಿಸಿ ನಿಂತಾಗಲೇ ಗೊತ್ತಾದದ್ದು, ಆ ಮೆಟ್ಟಿಲುಗಳು ಎಷ್ಟು ಎತ್ತರವೆಂದು. ಹಿಡಿಯಲು ಏನೂ ಇರಲಿಲ್ಲ. ಮಾರ್ತಾ ಮೇಲೆ ಬಂದು ತರಚಿದ ಕೈಯನ್ನೇ ಚಾಚಿ, “ನಡಿ ನಡಿ, ಮಾವ” ಎಂದಳು. ಅವಳು ಒಂದೇ ನೆಗೆತಕ್ಕೆ ದಾಟಿದ್ದನ್ನು ನಾನು ಅವಳ ಕೈ ಹಿಡಿದು ಒಂದೊಂದಾಗಿ ಇಳಿದೆ. ಡ್ರೈವರುಗಳು ಚಪ್ಪಾಳೆ ತಟ್ಟಿದರು. ಪೊರಕೆಯನ್ನು ಅದು ಮೊದಲಿದ್ದ ಜಾಗಕ್ಕೇ ಒಯ್ದು ಇಟ್ಟೆ.