ಕಟಕಟೆಯಲ್ಲಿ ಆಡದ ಮಾತು

ಕೊಟ್ಟೂರಿನ ನಮ್ಮ ಓಣಿಯಲ್ಲಿ ಎತ್ತುಗಳಿಗೆ ಲಾಳ ಕಟ್ಟುತ್ತಿದ್ದ ಒಬ್ಬಾತ, ಏನು ಕೇಳಿದರೂ ಹೆಗಲ ಟವೆಲ್ಲಿನ ಚುಂಗು ಹಿಂಡುತ್ತ "ಇರಬೌದ್ರಿ" ಅನ್ನುತ್ತಿದ್ದ. "ಎತ್ತು ಕದ್ದವನು ನೀನೇನು?" ಎಂದು ಕೋರ್ಟಿನಲ್ಲಿ ಕೇಳಿದಾಗಲೂ ಬಾಯಿಗೆ ಬಂದದ್ದು ಅದೇ. ಜೈಲಿಗೆ ಹಾಕಿದರು. ನಿಜವಾದ ಕಳ್ಳ ಸಿಕ್ಕ ಮೇಲೆ ಬಿಟ್ಟರು.

ಎಪ್ಪತ್ತರ ದಶಕದ ಕೊನೆಗೆ ನಾನು ಅದನ್ನೇ ನಾಟಕ ಮಾಡಿಸಿದೆ. ಕಟಕಟೆಯಲ್ಲಿ ಆತನ ಪಾತ್ರಧಾರಿ ಎದೆ ಬಡಿದುಕೊಂಡು "ನಾನು ಕದ್ದಿಲ್ಲ" ಎಂದು ನಾನು ಬರೆದುಕೊಟ್ಟ ಉದ್ದನೆಯ ಮಾತು ಹೇಳಿದಾಗ ಜನ ಸಿಳ್ಳೆ ಹೊಡೆದರು. ಮುಂದೆ ಕೂತಿದ್ದ ಆತನೂ ಚಪ್ಪಾಳೆ ತಟ್ಟಿದ.

ಪರದೆ ಬಿದ್ದ ಮೇಲೆ ಕೇಳಿದೆ: "ಹಿಂಗ ನಡೀತಲ್ಲ, ಕಾಕಾ?"

ಆತ ಟವೆಲ್ಲು ಹಿಂಡುತ್ತ ನಿಂತ. "ಇರಬೌದ್ರಿ, ಮಾಸ್ತರ್ರ. ಮತ್ತ, ಅಷ್ಟೆಲ್ಲ ಹೇಳಿದ ಮ್ಯಾಲೂ ನನ್ನ ಯಾಕ ಒಳಗ ಹಾಕಿದ್ರು?"